ನಿಲ್ಲಿಸಿಟ್ಟ ಹೈಬ್ರಿಡ್ ಕಾರಿನ ಬ್ಯಾಟರಿ ಇಳಿಯದಂತೆ ನೋಡಿಕೊಳ್ಳುವುದು ಹೇಗೆ?

ಮೂರು ನಾಲ್ಕು ವಾರ ನಿಂತಿದ್ದ ಹೈಬ್ರಿಡ್ ಕಾರಿನ ಹತ್ತಿರ ಹೋಗುತ್ತೀರಿ. ಕೀ ಜೇಬಿನಲ್ಲೇ ಇದೆ, ಆದರೂ ಹಿಡಿಕೆ ಮುಟ್ಟಿದರೆ ಬಾಗಿಲು ತೆರೆಯುವುದಿಲ್ಲ. ಹೇಗೋ ಒಳಗೆ ಕೂತು ಬ್ರೇಕ್ ತುಳಿದು ಪವರ್ ಬಟನ್ ಒತ್ತಿದರೆ ಡ್ಯಾಶ್‌ಬೋರ್ಡ್ ಮಂಕಾಗಿ ಮಿನುಗುತ್ತದೆ, ಒಳಗೆಲ್ಲೋ ರಿಲೇ ಟಕಟಕ ಅನ್ನುತ್ತದೆ, ಅಷ್ಟೇ. ತಕ್ಷಣ ತಲೆಗೆ ಬರುವುದು ಒಂದೇ: ಹೈಬ್ರಿಡ್ ಬ್ಯಾಟರಿ ಹೋಯ್ತು, ದೊಡ್ಡ ಖರ್ಚು ಬಂತು.

ಬಹುಪಾಲು ಸಲ ಹಾಗೇನೂ ಆಗಿರುವುದಿಲ್ಲ. ದೊಡ್ಡ ಬ್ಯಾಟರಿ ಆರಾಮಾಗಿದೆ. ಕೈಕೊಟ್ಟಿರುವುದು 12 ವೋಲ್ಟಿನ ಚಿಕ್ಕ ಬ್ಯಾಟರಿ. ನಿಂತ ಕಾರಿನಲ್ಲಿ ಕಾಪಾಡಿಕೊಳ್ಳಬೇಕಾದದ್ದು ಅದನ್ನೇ. ಇದೊಂದು ಮಾತು ತಲೆಯಲ್ಲಿದ್ದರೆ ಮುಂದಿನದೆಲ್ಲ ಸುಲಭ.

ಎರಡು ಬ್ಯಾಟರಿ, ಎರಡು ಕೆಲಸ

ಹೈಬ್ರಿಡ್ ಕಾರಿನಲ್ಲಿ ಎರಡು ಬ್ಯಾಟರಿ ಇರುತ್ತವೆ. ಚಕ್ರ ತಿರುಗಿಸುವ ಮೋಟರಿಗೆ ಕರೆಂಟ್ ಕೊಡುವುದು ದೊಡ್ಡದು. ಎರಡನೇ ಮತ್ತು ಮೂರನೇ ತಲೆಮಾರಿನ ಟೊಯೋಟಾ ಪ್ರಿಯಸ್‌ನಲ್ಲಿ ಅದು 201.6 ವೋಲ್ಟ್: 1.2 ವೋಲ್ಟಿನ 168 ಸೆಲ್‌ಗಳ ಸಾಲು. ಇನ್ನೊಂದು, ಎಲ್ಲ ಕಾರುಗಳಲ್ಲೂ ಇರುವಂಥ 12 ವೋಲ್ಟಿನದು. ಲೈಟು, ಬೀಗ, ಹಾರ್ನು, ಕಂಪ್ಯೂಟರುಗಳು ಎಲ್ಲ ನಡೆಯುವುದು ಇದರಿಂದ.

ಮಾಮೂಲಿ ಕಾರಿನಲ್ಲಿ ಸೆಲ್ಫ್ ಹೊಡೆಯಲು 12 ವೋಲ್ಟಿನ ಬ್ಯಾಟರಿಯೇ ಬೇಕು, ಅದಕ್ಕೇ ಅದು ದಪ್ಪಗಿರುತ್ತದೆ. ಪೂರ್ತಿ ಹೈಬ್ರಿಡ್ ಕಾರುಗಳಲ್ಲಿ, ಅಂದರೆ ಮೋಟರೊಂದರಿಂದಲೇ ಸ್ವಲ್ಪ ದೂರ ಓಡಬಲ್ಲವುಗಳಲ್ಲಿ, ಎಂಜಿನ್ ತಿರುಗಿಸುವ ಕೆಲಸ ದೊಡ್ಡ ಬ್ಯಾಟರಿಯದು. ಸ್ಟಾರ್ಟ್ ಮಾಡುವಾಗ ಚಿಕ್ಕದಕ್ಕೆ ಉಳಿಯುವುದು ಎರಡೇ ಕೆಲಸ: ಕಂಪ್ಯೂಟರುಗಳನ್ನು ಎಬ್ಬಿಸುವುದು, ದೊಡ್ಡ ಬ್ಯಾಟರಿಯನ್ನು ಕಾರಿಗೆ ಜೋಡಿಸುವ ರಿಲೇಗಳನ್ನು (ಕರೆಂಟಿನಿಂದ ನಡೆಯುವ ಸ್ವಿಚ್‌ಗಳನ್ನು) ಎಳೆದು ಮುಚ್ಚುವುದು. ಹಾಗಾಗಿ ಎಷ್ಟೋ ಮಾದರಿಗಳಲ್ಲಿ ಅದನ್ನು ಚಿಕ್ಕದಾಗಿಯೇ ಇಟ್ಟಿರುತ್ತಾರೆ, 35ರಿಂದ 45 ಆ್ಯಂಪಿಯರ್-ಗಂಟೆಯದು (ಬ್ಯಾಟರಿ ಎಷ್ಟು ಚಾರ್ಜ್ ಹಿಡಿಯುತ್ತದೆ ಎಂಬುದರ ಅಳತೆ ಇದು). ಕಾರು ಆಫ್ ಆದಾಗ ಆ ರಿಲೇಗಳು ಬಿಟ್ಟುಕೊಳ್ಳುತ್ತವೆ, ದೊಡ್ಡ ಬ್ಯಾಟರಿ ಪೂರ್ತಿ ಬೇರೆಯಾಗಿ ಕೂರುತ್ತದೆ. ನಿಂತ ಕಾರಿನ ಸಣ್ಣಪುಟ್ಟ ಖರ್ಚೆಲ್ಲ ಚಿಕ್ಕದರ ತಲೆಯ ಮೇಲೆ. ಅದು ಖಾಲಿಯಾದರೆ ರಿಲೇ ಮುಚ್ಚುವವರಿಲ್ಲ. ತಿಜೋರಿ ತುಂಬಾ ದುಡ್ಡಿದ್ದು ಬೀಗದಕೈ ಕಳೆದುಹೋದ ಹಾಗೆ.

ಹೈಬ್ರಿಡ್‌ನಲ್ಲಿ ಸಾಮಾನ್ಯವಾಗಿ ಆಲ್ಟರ್ನೇಟರ್ ಇರುವುದಿಲ್ಲ. ದೊಡ್ಡ ಬ್ಯಾಟರಿಯ ಹೆಚ್ಚು ವೋಲ್ಟನ್ನು ಇಳಿಸಿ ಚಿಕ್ಕದಕ್ಕೆ ಕೊಡುವ ಒಂದು ಕನ್ವರ್ಟರ್ ಇರುತ್ತದೆ. ಅದು ಕೆಲಸ ಮಾಡುವುದು ಡ್ಯಾಶ್‌ಬೋರ್ಡಿನಲ್ಲಿ 'ರೆಡಿ' ಎಂಬ ದೀಪ ಹತ್ತಿದಾಗ ಮಾತ್ರ. ಬ್ರೇಕ್ ತುಳಿಯದೆ ಬಟನ್ ಒತ್ತಿ ಹಾಡು ಕೇಳುತ್ತಾ ಕೂತರೆ ಚಾರ್ಜ್ ಆಗುವುದಿರಲಿ, ಇದ್ದದ್ದೂ ಹೋಗುತ್ತದೆ. ಪರದೆ ಹತ್ತಿದೆ, ಫ್ಯಾನ್ ತಿರುಗುತ್ತಿದೆ, ಕಾರು ಆನ್ ಇದೆಯಲ್ಲ ಅಂದುಕೊಂಡು ಬ್ಯಾಟರಿ ಖಾಲಿ ಮಾಡಿಕೊಳ್ಳುವವರು ಬಹಳ ಜನ. ರೆಡಿ ದೀಪ ಕಾಣದಿದ್ದರೆ ಚಾರ್ಜ್ ಇಲ್ಲ, ಅಷ್ಟೇ ಲೆಕ್ಕ.

ಎಷ್ಟು ದಿನ ತಡೆಯುತ್ತದೆ?

ಇದಕ್ಕೆ ಒಂದು ಚಿಕ್ಕ ಲೆಕ್ಕ ಸಾಕು. ಆರೋಗ್ಯವಾಗಿರುವ ಕಾರು ನಿದ್ದೆ ಹೋದ ಮೇಲೂ 20ರಿಂದ 50 ಮಿಲಿಆ್ಯಂಪಿಯರ್ ಎಳೆಯುತ್ತಿರುತ್ತದೆ. ಕಳ್ಳರ ಅಲಾರಂ, ಕೀಯ ಸದ್ದಿಗೆ ಕಿವಿಗೊಟ್ಟಿರುವ ರಿಸೀವರ್, ಗಡಿಯಾರ, ಕಂಪ್ಯೂಟರುಗಳ ನೆನಪು, ಎಲ್ಲ ಸೇರಿ ಇಷ್ಟು. 25 ಮಿಲಿಆ್ಯಂಪಿಯರ್ ಅಂದರೆ ದಿನಕ್ಕೆ 0.6 ಆ್ಯಂಪಿಯರ್-ಗಂಟೆ. 45ರ ಬ್ಯಾಟರಿ ಪೂರ್ತಿ ತುಂಬಿದ್ದರೆ ಅರ್ಧಕ್ಕಿಳಿಯಲು ಸುಮಾರು 37 ದಿನ. 50 ಮಿಲಿಆ್ಯಂಪಿಯರ್ ಆದರೆ 19 ದಿನಕ್ಕೇ ಅರ್ಧ.

ಇದು ಹೊಸ ಬ್ಯಾಟರಿಯ ಮಾತು. ನಾಲ್ಕೈದು ವರ್ಷ ಓಡಿದ ಬ್ಯಾಟರಿಯಲ್ಲಿ ಹೆಸರಿಗೆ 45 ಅಂತಿದ್ದರೂ ಒಳಗೆ ಅಷ್ಟು ಹಿಡಿಯುವುದಿಲ್ಲ. ದಿನವೂ ಹತ್ತು ನಿಮಿಷದ ಓಡಾಟ ಮಾತ್ರ ಇದ್ದ ಕಾರಾದರೆ, ನಿಲ್ಲಿಸಿದ ದಿನವೇ ಅದು ಪೂರ್ತಿ ತುಂಬಿರಲಿಕ್ಕಿಲ್ಲ. ಸೆಕೆಯೂ ಸೇರಿಕೊಂಡರೆ ಇನ್ನೂ ಕಷ್ಟ. ತಾಪ ಸುಮಾರು 10 ಡಿಗ್ರಿ ಸೆಲ್ಸಿಯಸ್ ಏರಿದರೆ ಬ್ಯಾಟರಿ ತಾನಾಗಿ ಇಳಿಯುವ ವೇಗ ಹೆಚ್ಚುಕಡಿಮೆ ಎರಡು ಪಟ್ಟಾಗುತ್ತದೆ. ಹಾಗಾಗಿ ಕಾರನ್ನು ನೆರಳಿನಲ್ಲಿ ನಿಲ್ಲಿಸುವುದು ಬಣ್ಣ ಉಳಿಸಲು ಮಾತ್ರವಲ್ಲ, ಎರಡೂ ಬ್ಯಾಟರಿಗೆ ಒಳ್ಳೆಯದು.

'ಅರ್ಧ ಇಳಿದರೆ ಏನಂತೆ, ಆಮೇಲೆ ಚಾರ್ಜ್ ಮಾಡಿದರಾಯ್ತು' ಅನ್ನಿಸಬಹುದು. ಸೀಸದ ಬ್ಯಾಟರಿಗೆ ಆ ಮಾತು ನಡೆಯುವುದಿಲ್ಲ. ಚಾರ್ಜ್ ಇಳಿದ ಸ್ಥಿತಿಯಲ್ಲಿ ಬಿಟ್ಟರೆ ಫಲಕಗಳ ಮೇಲೆ ಲೆಡ್ ಸಲ್ಫೇಟ್ ಗಟ್ಟಿ ಹರಳಾಗಿ ಕೂರುತ್ತದೆ. ಆ ಹರಳು ಮತ್ತೆ ಪೂರ್ತಿ ಕರಗುವುದಿಲ್ಲ. ಪ್ರತಿಸಲ ಖಾಲಿಯಾದಾಗಲೂ ಹಿಡಿಯುವ ಶಕ್ತಿಯಲ್ಲಿ ಒಂದಿಷ್ಟು ಶಾಶ್ವತವಾಗಿ ಹೋಗುತ್ತದೆ. ಚಳಿ ಪ್ರದೇಶದಲ್ಲಾದರೆ ಇನ್ನೊಂದು ಅಪಾಯ: ತುಂಬಿದ ಬ್ಯಾಟರಿಯ ಆ್ಯಸಿಡ್ ಸುಲಭಕ್ಕೆ ಹೆಪ್ಪುಗಟ್ಟುವುದಿಲ್ಲ, ಖಾಲಿ ಬ್ಯಾಟರಿಯದು ಸೊನ್ನೆಗಿಂತ ಕೆಲವೇ ಡಿಗ್ರಿ ಕೆಳಗೆ ಹೆಪ್ಪುಗಟ್ಟಿ ಡಬ್ಬಿಯನ್ನೇ ಸೀಳಬಹುದು.

ಮೊದಲ ಹೆಜ್ಜೆ: ನಿಲ್ಲಿಸುವ ಮುಂಚೆ ಏನೇನು ತೆಗೆಯಬೇಕು

ಮೊದಲ ಶತ್ರು ಡ್ಯಾಶ್‌ಕ್ಯಾಮ್. ಪಾರ್ಕಿಂಗ್ ಮೋಡ್‌ನಲ್ಲಿ ಅದು 250 ಮಿಲಿಆ್ಯಂಪಿಯರ್ ಎಳೆಯಿತು ಅಂದರೆ ದಿನಕ್ಕೆ 6 ಆ್ಯಂಪಿಯರ್-ಗಂಟೆ. ನಾಲ್ಕು ದಿನ ತುಂಬುವ ಮೊದಲೇ ಬ್ಯಾಟರಿ ಅರ್ಧ! ಇಷ್ಟು ವೋಲ್ಟಿಗೆ ಇಳಿದರೆ ತಾನೇ ಆಫ್ ಆಗುತ್ತದೆ ಎಂಬ ಸೌಲಭ್ಯ ಅದರಲ್ಲಿರಬಹುದು, ಆದರೂ ಆ ಮಟ್ಟವನ್ನು ಎಷ್ಟೋ ಸಲ ತೀರಾ ಕೆಳಗೆ ಇಟ್ಟಿರುತ್ತಾರೆ. ವಾರಕ್ಕಿಂತ ಜಾಸ್ತಿ ನಿಲ್ಲಿಸುವುದಾದರೆ ಪಿನ್ನನ್ನೇ ಕಿತ್ತುಬಿಡಿ.

ಸ್ಟೇರಿಂಗ್ ಕೆಳಗಿನ ಒಬಿಡಿ ಪೋರ್ಟಿಗೆ (ಮೆಕ್ಯಾನಿಕ್ ತನ್ನ ಸ್ಕ್ಯಾನರ್ ಜೋಡಿಸುವ ಸಾಕೆಟ್) ಏನಾದರೂ ಸಿಕ್ಕಿಸಿದ್ದೀರಾ? ಮೈಲೇಜ್ ನೋಡುವ ಬ್ಲೂಟೂತ್ ಡಾಂಗಲ್, ಜಿಪಿಎಸ್ ಟ್ರ್ಯಾಕರ್ ಇಂಥದ್ದು? ಅವು ತಾವು ತಿನ್ನುವುದು ಸ್ವಲ್ಪವೇ. ಆದರೆ ಕೆಲವು ಡಾಂಗಲ್‌ಗಳು ಕಾರಿನ ಕಂಪ್ಯೂಟರುಗಳನ್ನು ನಿದ್ದೆ ಹೋಗಲು ಬಿಡುವುದಿಲ್ಲ. ಆಗ ಮಿಲಿಆ್ಯಂಪಿಯರ್ ಲೆಕ್ಕ ಆ್ಯಂಪಿಯರ್‌ಗೆ ಹೋಗಿ ನಿಲ್ಲುತ್ತದೆ. ಮೊಬೈಲ್ ಆ್ಯಪ್‌ನದೂ ಇದೇ ಕಥೆ. ಕಾರು ಹೇಗಿದೆ ಅಂತ ದಿನಕ್ಕೆ ನಾಲ್ಕು ಸಲ ಆ್ಯಪ್ ತೆಗೆದು ರಿಫ್ರೆಶ್ ಮಾಡಿದರೆ, ಅಷ್ಟೂ ಸಲ ಮಲಗಿದ ಕಾರನ್ನು ಎಬ್ಬಿಸಿದ ಹಾಗೆ.

ಆಮೇಲೆ ಸಣ್ಣ ದೀಪಗಳು. ಒಳಗಿನ 5 ವ್ಯಾಟ್ ಬಲ್ಬ್ ಒಂದು ಉಳಿದುಹೋದರೆ ದಿನಕ್ಕೆ 10 ಆ್ಯಂಪಿಯರ್-ಗಂಟೆ ಹೋಯಿತು. ಈಗಿನ ಕಾರುಗಳು ಸ್ವಲ್ಪ ಹೊತ್ತಿಗೆ ತಾವೇ ಆರಿಸುತ್ತವೆ ನಿಜ, ಹಳೆಯವು ಎಲ್ಲವೂ ಹಾಗಲ್ಲ. ಡಿಕ್ಕಿಯ ದೀಪ, ಗ್ಲೋವ್‌ಬಾಕ್ಸ್ ದೀಪ, ಕನ್ನಡಿ ಪಕ್ಕದ ದೀಪ, ಇವು ಮುಚ್ಚಿದ ಮೇಲೆ ಆರುತ್ತವೆ ಅಂತ ನಾವು ನಂಬಿಕೊಂಡಿರುತ್ತೇವೆ, ನೋಡಿದವರು ಯಾರು? ಮೊಬೈಲಿನಲ್ಲಿ ವಿಡಿಯೋ ಹಾಕಿ ಡಿಕ್ಕಿಯೊಳಗಿಟ್ಟು ಮುಚ್ಚಿ. ಒಂದು ನಿಮಿಷ ಬಿಟ್ಟು ತೆಗೆದು ನೋಡಿ. ವಿಡಿಯೋ ಕತ್ತಲಾಗಿದ್ದರೆ ಸರಿ, ಬೆಳಕಿದ್ದರೆ ಕಳ್ಳ ಸಿಕ್ಕಿದ.

ಬಾಗಿಲನ್ನು ಸುಮ್ನೆ ಸುಮ್ನೆ ತೆಗೆಯಬೇಡಿ. ಹಲವು ಹೈಬ್ರಿಡ್‌ಗಳಲ್ಲಿ ಚಾಲಕನ ಬಾಗಿಲು ತೆಗೆದ ಕೂಡಲೇ 'ಗರ್ರ್' ಅಂತ ಒಂದು ಸದ್ದು ಕೇಳುತ್ತದೆ, ಗಮನಿಸಿದ್ದೀರಾ? ಅದು ಬ್ರೇಕಿನ ಪಂಪು ಒತ್ತಡ ತುಂಬಿಕೊಳ್ಳುವ ಸದ್ದು. ಕೆಲವೇ ಸೆಕೆಂಡಾದರೂ ಅದು ಒಳ್ಳೆಯ ಕರೆಂಟ್ ಎಳೆಯುತ್ತದೆ. ಅದರ ಹಿಂದೆಯೇ ಒಂದೊಂದಾಗಿ ಕಂಪ್ಯೂಟರುಗಳೂ ಎಚ್ಚರಗೊಂಡು, ಮತ್ತೆ ಮಲಗಲು ಎಷ್ಟೋ ನಿಮಿಷ ತೆಗೆದುಕೊಳ್ಳುತ್ತವೆ. ನಿಂತ ಕಾರಿನಿಂದ ಛತ್ರಿ ತರಲು, ಕನ್ನಡಕ ಹುಡುಕಲು ದಿನಾ ಬಾಗಿಲು ತೆಗೆಯುವ ಮನೆಯಲ್ಲಿ ಬ್ಯಾಟರಿ ಬೇಗ ಇಳಿಯುವುದು ಇದಕ್ಕೇ.

ಎರಡನೇ ಹೆಜ್ಜೆ: ಕೀಯನ್ನು ದೂರ ಇಡಿ

ಸ್ಮಾರ್ಟ್ ಕೀ ಕಾರಿನ ಹತ್ತಿರವೇ ಇದ್ದರೆ ಎರಡೂ ಒಂದಕ್ಕೊಂದು ಮಾತಾಡುತ್ತಲೇ ಇರುತ್ತವೆ. ಕಾರಿನ ಬ್ಯಾಟರಿಯೂ ಇಳಿಯುತ್ತದೆ, ಕೀಯೊಳಗಿನ ಗುಂಡಿ ಸೆಲ್ಲೂ ಇಳಿಯುತ್ತದೆ. ಕೀಯನ್ನು ಕಾರಿನಿಂದ ಎರಡು ಮೀಟರ್ ಒಳಗೆ ಹೆಚ್ಚು ಹೊತ್ತು ಇಡಬೇಡಿ ಎಂದು ಟೊಯೋಟಾ ಕೈಪಿಡಿಗಳೇ ಹೇಳುತ್ತವೆ. ಗ್ಯಾರೇಜ್ ಗೋಡೆಯ ಆಚೆ ಬದಿಯ ಮೊಳೆಗೆ ಕೀ ನೇತುಹಾಕುವ ಅಭ್ಯಾಸವಿದ್ದರೆ ಜಾಗ ಬದಲಿಸಿ.

ಕೀಯನ್ನೇ ಮಲಗಿಸುವ ಉಪಾಯವೂ ಇದೆ. ಹಲವು ಟೊಯೋಟಾ ಕೀಗಳಲ್ಲಿ ಲಾಕ್ ಬಟನ್ ಒತ್ತಿ ಹಿಡಿದುಕೊಂಡೇ ಅನ್‌ಲಾಕ್ ಬಟನ್ ಎರಡು ಸಲ ಒತ್ತಬೇಕು. ಕೀಯ ಚಿಕ್ಕ ದೀಪ ನಾಲ್ಕು ಸಲ ಮಿಂಚಿದರೆ ಮಲಗಿತು ಅಂತ ಅರ್ಥ. ಮತ್ತೆ ಯಾವುದಾದರೂ ಬಟನ್ ಒತ್ತಿದರೆ ಏಳುತ್ತದೆ. ಬೇರೆ ಕಂಪನಿಯ ಕಾರಾದರೆ ಕೈಪಿಡಿಯಲ್ಲಿ ಇಂಥದ್ದಿದೆಯಾ ಹುಡುಕಿ.

ಮೂರನೇ ಹೆಜ್ಜೆ: ಎಷ್ಟು ದಿನಕ್ಕೆ ಯಾವ ಉಪಾಯ

ಒಂದು ವಾರ, ಹತ್ತು ದಿನ ನಿಲ್ಲಿಸುವುದಾದರೆ ಮೇಲಿನ ಎರಡು ಹೆಜ್ಜೆಯೇ ಸಾಕು. ಒಳ್ಳೆಯ ಬ್ಯಾಟರಿ ಅಷ್ಟಕ್ಕೆ ಜಗ್ಗುವುದಿಲ್ಲ. ಎರಡು ವಾರ ದಾಟುತ್ತದೆ, ಆದರೆ ಕಾರಿನ ಹತ್ತಿರ ಯಾರಾದರೂ ಇರುತ್ತಾರೆ ಅಂದರೆ ವಾರಕ್ಕೊಮ್ಮೆ ರೆಡಿ ಮಾಡಿಡಿ. ಹತ್ತಿರದಲ್ಲಿ ಪ್ಲಗ್ ಪಾಯಿಂಟ್ ಇದ್ದರೆ ಮೇಂಟೇನರ್ ಹಾಕಿ, ನನ್ನ ಮತ ಇದಕ್ಕೇ. ಪ್ಲಗ್ಗೂ ಇಲ್ಲ, ಮನುಷ್ಯರೂ ಇಲ್ಲ, ತಿಂಗಳ ಮೇಲೆ ನಿಲ್ಲುತ್ತದೆ ಅಂದರೆ ಚಿಕ್ಕ ಬ್ಯಾಟರಿಯ ಮೈನಸ್ ವೈರು ಬಿಚ್ಚಿಡಿ. ಈಗ ಒಂದೊಂದನ್ನೇ ನೋಡೋಣ.

ರೆಡಿ ಮಾಡಿಡುವುದು

ಗೇರ್ 'ಪಿ'ಯಲ್ಲಿರಲಿ. ಹ್ಯಾಂಡ್‌ಬ್ರೇಕ್ ಹಾಕಿ. ಬ್ರೇಕ್ ತುಳಿದು ಪವರ್ ಬಟನ್ ಒತ್ತಿ, ರೆಡಿ ದೀಪ ಬಂತಾ ನೋಡಿ. ಎಸಿ, ಹೆಡ್‌ಲೈಟ್, ಹಿಂದಿನ ಗಾಜಿನ ಹೀಟರ್ ಎಲ್ಲ ಆಫ್. ಹಾಗೇ ಸುಮಾರು ಒಂದು ಗಂಟೆ ಬಿಡಿ.

ಒಂದು ಗಂಟೆ ಯಾಕೆ, ಹತ್ತು ನಿಮಿಷ ಸಾಲದಾ? ಸಾಲದು. ಸೀಸದ ಬ್ಯಾಟರಿ ಮೊದಮೊದಲು ಕರೆಂಟನ್ನು ಗಬಗಬನೆ ತೆಗೆದುಕೊಳ್ಳುತ್ತದೆ, ತುಂಬುತ್ತಾ ಬಂದಂತೆ ನಿಧಾನವಾಗುತ್ತದೆ. ಕೊನೆಯ ಭಾಗ ತುಂಬಲು ಗಂಟೆಗಟ್ಟಲೆ ಬೇಕು. ಹತ್ತು ನಿಮಿಷದಲ್ಲಿ ಬಾಗಿಲು ತೆಗೆದು, ಪಂಪ್ ಓಡಿ, ಕಂಪ್ಯೂಟರ್ ಎದ್ದು ಖರ್ಚಾದದ್ದು ವಾಪಸು ಬಂದರೆ ಅದೇ ಹೆಚ್ಚು. ತಣ್ಣಗಿರುವ ಎಂಜಿನ್ ಸ್ವಲ್ಪ ಹೊತ್ತು ಓಡಿ ಬಿಸಿಯಾಗುವ ಮೊದಲೇ ನಿಂತರೆ ಸೈಲೆನ್ಸರಿನಲ್ಲಿ ನೀರು ಉಳಿಯುತ್ತದೆ, ಆಯಿಲ್‌ಗೆ ಪೆಟ್ರೋಲ್ ಸೇರುತ್ತದೆ. 'ದಿನಾ ಐದು ನಿಮಿಷ ಸ್ಟಾರ್ಟ್ ಮಾಡಿಡ್ತೀನಿ' ಅನ್ನುವುದರಿಂದ ಲಾಭಕ್ಕಿಂತ ನಷ್ಟವೇ ಜಾಸ್ತಿ.

ಎಂಜಿನ್ ಓಡುತ್ತಿಲ್ಲವಲ್ಲ, ಚಾರ್ಜ್ ಆಗ್ತಿದೆಯಾ ಎಂಬ ಅನುಮಾನ ಬರುತ್ತದೆ. ರೆಡಿಯಲ್ಲಿದ್ದರೆ ಎಂಜಿನ್ ನಿಂತಿದ್ದರೂ ಚಿಕ್ಕ ಬ್ಯಾಟರಿಗೆ ಚಾರ್ಜ್ ಹೋಗುತ್ತಲೇ ಇರುತ್ತದೆ. ದೊಡ್ಡದು ಒಂದು ಮಟ್ಟಕ್ಕಿಂತ ಇಳಿದಾಗ ಎಂಜಿನ್ ತಾನೇ ಎದ್ದು, ಅದನ್ನು ತುಂಬಿ, ಮತ್ತೆ ನಿಲ್ಲುತ್ತದೆ. ಆಕ್ಸಿಲರೇಟರ್ ಒತ್ತುತ್ತಾ ಕೂರುವ ಅಗತ್ಯವಿಲ್ಲ. ಗೇರನ್ನು 'ಎನ್'ಗೆ ಮಾತ್ರ ಹಾಕಬೇಡಿ. ನ್ಯೂಟ್ರಲ್‌ನಲ್ಲಿ ದೊಡ್ಡ ಬ್ಯಾಟರಿ ಚಾರ್ಜ್ ಆಗುವುದಿಲ್ಲ, ಇಳಿಯುತ್ತಾ ಹೋಗುತ್ತದೆ.

ಈಗ ಬಹಳ ಮುಖ್ಯವಾದ ಮಾತು. ಎಂಜಿನ್ ಯಾವಾಗ ಬೇಕಾದರೂ ತಾನಾಗಿ ಏಳುತ್ತದೆ. ಹಾಗಾಗಿ ಮುಚ್ಚಿದ ಗ್ಯಾರೇಜಿನಲ್ಲಿ, ಮನೆಗೆ ಅಂಟಿಕೊಂಡ ಶೆಡ್ಡಿನಲ್ಲಿ ಕಾರನ್ನು ರೆಡಿಯಲ್ಲಿ ಬಿಡಲೇಬಾರದು. ಹೊಗೆಯಲ್ಲಿರುವ ಕಾರ್ಬನ್ ಮೊನಾಕ್ಸೈಡ್‌ಗೆ ಬಣ್ಣವಿಲ್ಲ, ವಾಸನೆಯಿಲ್ಲ, ಜೀವ ತೆಗೆಯುತ್ತದೆ. ಕಾರನ್ನು ಬಯಲಿಗೆ ತಂದು ಮಾಡಿ, ನೀವು ಹತ್ತಿರವೇ ಇರಿ. ಸದ್ದಿಲ್ಲದೆ ನಿಂತಿರುವ ಹೈಬ್ರಿಡ್ ಆಫ್ ಆಗಿದೆ ಅಂದುಕೊಂಡು ಮಕ್ಕಳು ಒಳಗೆ ಹತ್ತಿ ಗೇರ್ ಎಳೆಯಬಹುದು.

ಸಾಧ್ಯವಿದ್ದರೆ ನಿಲ್ಲಿಸಿಡುವ ಬದಲು ಅರ್ಧ ಮುಕ್ಕಾಲು ಗಂಟೆ ಓಡಿಸಿಕೊಂಡೇ ಬನ್ನಿ. ಟೈರು ಒಂದೇ ಕಡೆ ಒತ್ತಿ ಚಪ್ಪಟೆಯಾಗುವುದು, ಬ್ರೇಕ್ ಡಿಸ್ಕ್ ತುಕ್ಕು ಹಿಡಿಯುವುದು, ಅವೂ ತಪ್ಪುತ್ತವೆ.

ಮೇಂಟೇನರ್ ಹಾಕುವುದು

ಮೇಂಟೇನರ್ ಅಂದರೆ ಬ್ಯಾಟರಿಯ ವೋಲ್ಟ್ ನೋಡುತ್ತಾ, ಬೇಕಾದಷ್ಟೇ ಕರೆಂಟ್ ಕೊಟ್ಟು, ತುಂಬಿದ ಮೇಲೆ ತಾನೇ ಸುಮ್ಮನಾಗುವ ಚಿಕ್ಕ ಚಾರ್ಜರ್. ಹಳೇ ಕಾಲದ, ಒಂದೇ ಸಮ ಕರೆಂಟ್ ತುಂಬುವ ಚಾರ್ಜರ್ ಹಾಕಿ ವಾರಗಟ್ಟಲೆ ಬಿಟ್ಟರೆ ಬ್ಯಾಟರಿ ಬೆಂದುಹೋಗುತ್ತದೆ. 5 ಆ್ಯಂಪಿಯರ್‌ಗಿಂತ ಜಾಸ್ತಿ ಕೊಡುವಂಥದ್ದು ಈ ಚಿಕ್ಕ ಬ್ಯಾಟರಿಗೆ ಬೇಡ. ಒಂದೆರಡು ಆ್ಯಂಪಿಯರ್ ಸಾಕು.

ಹಿಂದಿನ ಸೀಟಿನ ಕೆಳಗೋ ಡಿಕ್ಕಿಯೊಳಗೋ ಇರುವ ಬ್ಯಾಟರಿ ಸಾಮಾನ್ಯವಾಗಿ ಎಜಿಎಂ ಜಾತಿಯದು. ಅದರಲ್ಲಿ ಆ್ಯಸಿಡ್ ನೀರಾಗಿ ತುಳುಕಾಡುವುದಿಲ್ಲ, ಗಾಜಿನ ನಾರಿನ ಹಾಳೆಯಲ್ಲಿ ಹೀರಿಕೊಂಡಿರುತ್ತದೆ. ಚಾರ್ಜರಿನಲ್ಲಿ ಎಜಿಎಂ ಅಂತ ಬೇರೆ ಸೆಟ್ಟಿಂಗ್ ಇದ್ದರೆ ಅದನ್ನೇ ಆರಿಸಿ. 'ರಿಪೇರಿ', 'ರಿಕಂಡಿಷನ್' ಎಂಬ ಬಟನ್‌ಗಳು ವೋಲ್ಟನ್ನು 15ರ ಮೇಲಕ್ಕೂ ಒಯ್ಯಬಹುದು. ಬ್ಯಾಟರಿ ಕಾರಿನಲ್ಲಿರುವಾಗ ಅವುಗಳ ತಂಟೆಗೆ ಹೋಗಬೇಡಿ.

ಕಾರು ಪೂರ್ತಿ ಆಫ್ ಆಗಿರಲಿ. ಬ್ಯಾಟರಿ ಹಿಂದೆ ಇರುವ ಕಾರುಗಳಲ್ಲಿ ಬಾನೆಟ್ ಒಳಗಿನ ಫ್ಯೂಸ್ ಬಾಕ್ಸ್‌ನಲ್ಲಿ ಕೆಂಪು ಮುಚ್ಚಳದ ಒಂದು ಜಂಪ್ ಟರ್ಮಿನಲ್ (ಹೊರಗಿನಿಂದ ಬ್ಯಾಟರಿಗೆ ಕರೆಂಟ್ ಕೊಡುವ ಜಾಗ) ಕೊಟ್ಟಿರುವುದುಂಟು. ಕೆಂಪು ಕ್ಲಿಪ್ ಅಲ್ಲಿಗೆ. ಕಪ್ಪು ಕ್ಲಿಪ್ ಬಣ್ಣವಿಲ್ಲದ, ಕಾರಿನ ಲೋಹದ ಬಾಡಿಯಲ್ಲಿ ಗಟ್ಟಿಯಾಗಿ ಕೂತಿರುವ ಬೋಲ್ಟಿಗೆ. ಆಮೇಲೆ ಗೋಡೆಯ ಸ್ವಿಚ್ ಹಾಕಿ. ತೆಗೆಯುವಾಗ ಉಲ್ಟಾ: ಮೊದಲು ಸ್ವಿಚ್, ಆಮೇಲೆ ಕಪ್ಪು, ಕೊನೆಗೆ ಕೆಂಪು. ವೈರು ಬಾನೆಟ್ ಅಂಚಿಗೆ ಸಿಕ್ಕಿ ಜಜ್ಜದಂತೆ ನೋಡಿಕೊಳ್ಳಿ. ದಪ್ಪ ಕಿತ್ತಳೆ ಬಣ್ಣದ ಕೇಬಲ್‌ಗಳು ಕಂಡರೆ ಅವು ದೊಡ್ಡ ಬ್ಯಾಟರಿಯವು. ಮುಟ್ಟುವ ಕೆಲಸವೇ ಇಲ್ಲ.

ಇದೆಲ್ಲ ಸೀಸದ ಬ್ಯಾಟರಿಗೆ. ಕೆಲವು ಹ್ಯುಂಡೈ, ಕಿಯಾ ಹೈಬ್ರಿಡ್‌ಗಳಲ್ಲಿ 12 ವೋಲ್ಟಿನದೂ ಲಿಥಿಯಂ, ದೊಡ್ಡ ಪ್ಯಾಕಿನ ಜೊತೆಗೇ ಕೂತಿರುತ್ತದೆ. ಅದಕ್ಕೆ ಈ ಚಾರ್ಜರ್ ಹಾಕಬೇಡಿ. ಅದು ತೀರಾ ಇಳಿಯುವ ಮೊದಲು ತನ್ನನ್ನು ತಾನೇ ಕಡಿದುಕೊಳ್ಳುತ್ತದೆ. ಸ್ಟೇರಿಂಗ್ ಪಕ್ಕದಲ್ಲಿರುವ ಬ್ಯಾಟರಿ ರೀಸೆಟ್ ಬಟನ್ ಒತ್ತಿ ತಡಮಾಡದೆ ಕಾರನ್ನು ರೆಡಿ ಮಾಡಿದರೆ ಕೆಲಸ ಮುಗಿಯಿತು.

ಸೋಲಾರ್ ಪ್ಯಾನಲ್ ಬಗ್ಗೆಯೂ ಕೇಳುತ್ತಾರೆ. ಡ್ಯಾಶ್‌ಬೋರ್ಡ್ ಮೇಲಿಟ್ಟು ಸಿಗರೇಟ್ ಲೈಟರ್ ಸಾಕೆಟ್ಟಿಗೆ ಸಿಕ್ಕಿಸುವ ಚಿಕ್ಕ ಪ್ಯಾನಲ್‌ಗಳು ಎಷ್ಟೋ ಕಾರುಗಳಲ್ಲಿ ಏನೂ ಮಾಡುವುದಿಲ್ಲ, ಯಾಕೆಂದರೆ ಕಾರು ಆಫ್ ಆದಾಗ ಆ ಸಾಕೆಟ್ಟಿಗೂ ಬ್ಯಾಟರಿಗೂ ಸಂಬಂಧ ಕಡಿದಿರುತ್ತದೆ. ಹಾಕುವುದಾದರೆ ಚಾರ್ಜ್ ಕಂಟ್ರೋಲರ್ ಇಟ್ಟು ನೇರ ಬ್ಯಾಟರಿಗೆ ಹಾಕಿ. ನೆರಳಲ್ಲಿ ನಿಲ್ಲುವ ಕಾರಿಗಂತೂ ಅದು ದಂಡ.

ಮೈನಸ್ ಬಿಚ್ಚಿಡುವುದು

ಖರ್ಚಿಲ್ಲದ ಉಪಾಯ, ಆದರೆ ಇದರಲ್ಲೊಂದು ಬಲೆ ಇದೆ. ಬ್ಯಾಟರಿ ಡಿಕ್ಕಿಯಲ್ಲಿದೆ. ಡಿಕ್ಕಿಯ ಬೀಗ ತೆರೆಯುವುದು ಕರೆಂಟಿನಿಂದ. ಮೈನಸ್ ಬಿಚ್ಚಿ, 'ಧಪ್' ಅಂತ ಡಿಕ್ಕಿ ಮುಚ್ಚಿದಿರಿ. ಈಗ ಡಿಕ್ಕಿ ತೆರೆಯಲು ಬ್ಯಾಟರಿ ಬೇಕು, ಬ್ಯಾಟರಿ ಮುಟ್ಟಲು ಡಿಕ್ಕಿ ತೆರೆಯಬೇಕು! ಅದಕ್ಕೇ ಈ ಕ್ರಮದಲ್ಲಿ ಮಾಡಿ:

1. ಸ್ಮಾರ್ಟ್ ಕೀಯೊಳಗೆ ಅಡಗಿರುವ ಲೋಹದ ಕೀ ಹೊರತೆಗೆಯಿರಿ. ಅದು ಚಾಲಕನ ಬಾಗಿಲಿನ ತೂತಿನಲ್ಲಿ ತಿರುಗುತ್ತದಾ ಅಂತ ಈಗಲೇ ಪರೀಕ್ಷಿಸಿ. ವರ್ಷಗಟ್ಟಲೆ ಬಳಸದ ಬೀಗ ಬಿಗಿದುಕೊಂಡಿರಬಹುದು.
2. ಡಿಕ್ಕಿಯನ್ನು ಒಳಗಿನಿಂದ ಕೈಯಲ್ಲಿ ತೆರೆಯುವ ಸನ್ನೆ ಎಲ್ಲಿದೆ ಅಂತ ಕೈಪಿಡಿಯಲ್ಲಿ ನೋಡಿ, ಒಮ್ಮೆ ಎಳೆದು ನೋಡಿ. ಹಿಂದಿನ ಸೀಟು ಮಡಚಿ ಒಳಗೆ ತೂರಬೇಕಾಗಬಹುದು.
3. ಗಾಜು ಏರಿಸಿ. ಗೇರ್ 'ಪಿ'ಗೆ ಹಾಕಿ. ಪಾರ್ಕಿಂಗ್ ಬ್ರೇಕ್ ಎಲೆಕ್ಟ್ರಾನಿಕ್ ಆಗಿದ್ದರೆ ಈಗ ಹೇಗಿದೆಯೋ ಹಾಗೇ ಉಳಿಯುತ್ತದೆ, ಬೇಕಾದ ಸ್ಥಿತಿಯಲ್ಲಿ ಬಿಡಿ.
4. ಕಾರು ಆಫ್ ಮಾಡಿ, ಕೀಯನ್ನು ದೂರ ಇಟ್ಟು, ಹತ್ತು ಹದಿನೈದು ನಿಮಿಷ ಕಾಯಿರಿ. ಕಂಪ್ಯೂಟರುಗಳು ತಮ್ಮ ಲೆಕ್ಕ ಬರೆದಿಟ್ಟುಕೊಂಡು ಮಲಗಬೇಕು. ರೆಡಿ ದೀಪ ಇರುವಾಗ ಬಿಚ್ಚುವಂತೆಯೇ ಇಲ್ಲ.
5. 10ರ ಸ್ಪ್ಯಾನರ್‌ನಲ್ಲಿ ಮೈನಸ್ ಟರ್ಮಿನಲ್ ಮಾತ್ರ ಸಡಿಲಿಸಿ ಎತ್ತಿ. ತಾನಾಗಿ ವಾಪಸು ಹೋಗಿ ತಾಗದಂತೆ ಒಂದು ಬಟ್ಟೆ ಸುತ್ತಿ ಪಕ್ಕಕ್ಕಿಡಿ. ಪ್ಲಸ್ಸಿಗೆ ಕೈ ಹಾಕಬೇಡಿ, ಸ್ಪ್ಯಾನರ್ ಕಾರಿನ ಬಾಡಿಗೆ ತಾಗಿದರೆ ಕಿಡಿ ಹಾರುತ್ತದೆ.

ಬಿಚ್ಚಿದ ಮೇಲೆ ಅಲಾರಂ ಇರುವುದಿಲ್ಲ, ಟ್ರ್ಯಾಕರ್ ಇರುವುದಿಲ್ಲ. ಬೀದಿಯಲ್ಲಿ ನಿಲ್ಲುವ ಕಾರಿಗೆ ನಾನು ಇದನ್ನು ಹೇಳುವುದಿಲ್ಲ. ಮತ್ತೆ ಜೋಡಿಸಿದಾಗ ಗಡಿಯಾರ, ರೇಡಿಯೋ ಸ್ಟೇಷನ್‌ಗಳು ಅಳಿಸಿರುತ್ತವೆ, ಗಾಜನ್ನು ಒಂದೇ ಒತ್ತಿಗೆ ಏರಿಸುವ ಸೌಲಭ್ಯವನ್ನು ಮತ್ತೆ ಕಲಿಸಬೇಕಾಗಬಹುದು. ಅಂಥ ತೊಂದರೆಯೇನಲ್ಲ.

ದೊಡ್ಡ ಬ್ಯಾಟರಿಯನ್ನೂ ಪೂರ್ತಿ ಮರೆಯುವಂತಿಲ್ಲ

ಅದರಿಂದ ಯಾರೂ ಕರೆಂಟ್ ಎಳೆಯದಿದ್ದರೂ ಅದು ತಾನಾಗಿಯೇ ನಿಧಾನಕ್ಕೆ ಇಳಿಯುತ್ತದೆ. ಲಿಥಿಯಂ ಪ್ಯಾಕ್ ಬಹಳ ನಿಧಾನ. ನಿಕಲ್-ಮೆಟಲ್ ಹೈಡ್ರೈಡ್ ಪ್ಯಾಕ್ ಅದಕ್ಕಿಂತ ಸಾಕಷ್ಟು ಬೇಗ, ಸೆಕೆಯಲ್ಲಿ ಇನ್ನೂ ಬೇಗ. ಮೈನಸ್ ಬಿಚ್ಚಿಟ್ಟರೂ ಇದು ನಿಲ್ಲುವುದಿಲ್ಲ. ಕೆಲವು ತಿಂಗಳಿಗೊಮ್ಮೆಯಾದರೂ ಕನಿಷ್ಠ 30 ನಿಮಿಷ ಅಥವಾ 16 ಕಿಲೋಮೀಟರ್ ಓಡಿಸಿ ಎಂದು ಟೊಯೋಟಾ ಕೈಪಿಡಿ ಹೇಳುವುದು ಇದಕ್ಕೇ. ದೊಡ್ಡದು ಎಂಜಿನ್ ತಿರುಗಿಸಲಾರದಷ್ಟು ಖಾಲಿಯಾದರೆ ಮನೆಯ ಚಾರ್ಜರ್, ಜಂಪ್ ಕೇಬಲ್ ಯಾವುದೂ ಉಪಯೋಗಕ್ಕೆ ಬರುವುದಿಲ್ಲ, ಸರ್ವಿಸ್ ಸೆಂಟರೇ ಗತಿ.

ನಿಲ್ಲಿಸುವ ದಿನ ಪರದೆಯಲ್ಲಿ ಆ ಬ್ಯಾಟರಿಯ ಮಟ್ಟ ಅರ್ಧಕ್ಕಿಂತ ತುಸು ಮೇಲಿದ್ದರೆ ಚೆನ್ನ. ಟ್ಯಾಂಕಿನಲ್ಲಿ ಪೆಟ್ರೋಲ್ ಇರಲಿ, ದೊಡ್ಡ ಬ್ಯಾಟರಿ ತುಂಬಬೇಕಾದದ್ದು ಎಂಜಿನ್ನೇ ತಾನೇ. ಪ್ಲಗ್-ಇನ್ ಹೈಬ್ರಿಡ್ (ಹೊರಗಿನ ಪ್ಲಗ್‌ನಿಂದಲೂ ಚಾರ್ಜ್ ಆಗುವಂಥದ್ದು) ಆದರೆ ನೂರಕ್ಕೆ ನೂರು ತುಂಬಿಸಿ ಬಿಸಿಲಲ್ಲಿ ತಿಂಗಳುಗಟ್ಟಲೆ ನಿಲ್ಲಿಸಬೇಡಿ, ಸೊನ್ನೆಗೂ ಇಳಿಸಬೇಡಿ. ಅರ್ಧದ ಆಸುಪಾಸು ಲಿಥಿಯಂಗೆ ಹಿತ. ಪ್ಲಗ್ ಸಿಕ್ಕಿಸಿಯೇ ಇಟ್ಟರೆ 12 ವೋಲ್ಟಿನದೂ ತುಂಬುತ್ತಿರುತ್ತದೆ ಅಂತ ನಂಬಿಕೊಳ್ಳಬೇಡಿ. ಹಲವು ಕಾರುಗಳಲ್ಲಿ ದೊಡ್ಡದು ಚಾರ್ಜ್ ಆಗುವಷ್ಟು ಹೊತ್ತು ಮಾತ್ರ ಚಿಕ್ಕದಕ್ಕೂ ಸಿಗುತ್ತದೆ, ಆಮೇಲೆ ಇಲ್ಲ.

ವೋಲ್ಟ್ ನೋಡಿ, ಕಳ್ಳನನ್ನು ಹಿಡಿಯಿರಿ

ಒಂದು ಸಾಧಾರಣ ಮಲ್ಟಿಮೀಟರ್ ಇದ್ದರೆ ಊಹೆ ಬೇಕಿಲ್ಲ. ಕಾರು ಕೆಲವು ಗಂಟೆ ನಿಂತ ಮೇಲೆ ಅಳೆಯಿರಿ. 12.6ರಿಂದ 12.8 ವೋಲ್ಟ್ ಬಂದರೆ ತುಂಬಿದೆ. 12.4 ಅಂದರೆ ಮುಕ್ಕಾಲು, 12.2 ಅಂದರೆ ಅರ್ಧ, 12.0 ಅಂದರೆ ಕಾಲು ಭಾಗ. 12.4ಕ್ಕೆ ಬಂದಾಗಲೇ ಚಾರ್ಜ್ ಮಾಡಿಬಿಡಿ. ರೆಡಿಯಲ್ಲಿಟ್ಟು ಅಳೆದರೆ ಸುಮಾರು 13.8ರಿಂದ 14.5ರೊಳಗೆ ಕಾಣಬೇಕು. ಅಷ್ಟು ಕಾಣದಿದ್ದರೆ ಕನ್ವರ್ಟರ್ ಕಡೆಯ ತೊಂದರೆ, ಮೆಕ್ಯಾನಿಕ್‌ಗೆ ತೋರಿಸಿ.

ಎಲ್ಲ ಸರಿಯಿದ್ದೂ ವಾರದೊಳಗೆ ಇಳಿಯುತ್ತಿದ್ದರೆ ಏನೋ ಕದಿಯುತ್ತಿದೆ. ಹುಡುಕುವುದು ಹೀಗೆ. ಡಿಕ್ಕಿ ತೆರೆದಿಟ್ಟು, ಅದರ ಬೀಗದ ಕೊಂಡಿಯನ್ನು ಸ್ಕ್ರೂಡ್ರೈವರಿನಿಂದ ಒತ್ತಿ 'ಮುಚ್ಚಿದೆ' ಎಂದು ಕಾರನ್ನು ನಂಬಿಸಿ. ಕಾರು ಲಾಕ್ ಮಾಡಿ, ಕೀ ದೂರ ಇಟ್ಟು, ಮುಕ್ಕಾಲು ಗಂಟೆ ಬಿಡಿ. ಆಮೇಲೆ ಮೈನಸ್ ಕೇಬಲ್ ಸುತ್ತ ಡಿಸಿ ಕ್ಲ್ಯಾಂಪ್ ಮೀಟರ್ ಹಾಕಿ ನೋಡಿ. 50 ಮಿಲಿಆ್ಯಂಪಿಯರ್ ಒಳಗಿದ್ದರೆ ಕಾರಿನ ತಪ್ಪಿಲ್ಲ, ಬ್ಯಾಟರಿಗೇ ವಯಸ್ಸಾಗಿದೆ. 200, 300 ಕಂಡರೆ ಫ್ಯೂಸ್ ಬಾಕ್ಸಿಗೆ ಹೋಗಿ. ಫ್ಯೂಸ್ ಕೀಳಬೇಡಿ, ಕಿತ್ತು ಹಾಕಿದರೆ ಕಂಪ್ಯೂಟರುಗಳು ಮತ್ತೆ ಏಳುತ್ತವೆ. ಪ್ರತಿ ಫ್ಯೂಸಿನ ಬೆನ್ನ ಮೇಲೆ ಎರಡು ಚಿಕ್ಕ ಲೋಹದ ಚುಕ್ಕೆ ಕಾಣುತ್ತವೆ. ಮೀಟರನ್ನು ಮಿಲಿವೋಲ್ಟಿಗಿಟ್ಟು ಎರಡಕ್ಕೂ ಕಡ್ಡಿ ತಾಗಿಸಿ. 0.0 ಬಂದರೆ ಅದರಲ್ಲಿ ಕರೆಂಟ್ ಹರಿಯುತ್ತಿಲ್ಲ. ಸಂಖ್ಯೆ ಏನಾದರೂ ಬಂದರೆ ಆ ದಾರಿಯಲ್ಲಿ ಯಾರೋ ಎಚ್ಚರವಾಗಿದ್ದಾರೆ. ಕೆಲಸ ಮುಗಿದ ಮೇಲೆ ಕೊಂಡಿ ಬಿಡಿಸಿಯೇ ಡಿಕ್ಕಿ ಮುಚ್ಚಿ, ಇಲ್ಲದಿದ್ದರೆ ಬೀಗ ಮುರಿಯುತ್ತದೆ.

ಇಷ್ಟಾದರೂ ಇಳಿದುಹೋದರೆ

ಹೈಬ್ರಿಡ್ ಜಂಪ್ ಮಾಡುವುದು, ಅಂದರೆ ಹೊರಗಿನ ಬ್ಯಾಟರಿಯಿಂದ ಕರೆಂಟ್ ಕೊಟ್ಟು ಎಬ್ಬಿಸುವುದು, ಮಾಮೂಲಿ ಕಾರಿಗಿಂತ ಸುಲಭ. ಸೆಲ್ಫ್ ಹೊಡೆಯಬೇಕಿಲ್ಲವಲ್ಲ, ಕಂಪ್ಯೂಟರ್ ಎದ್ದರೆ ಸಾಕು. ಕೈಯಲ್ಲಿ ಹಿಡಿಯುವಷ್ಟು ಚಿಕ್ಕ ಜಂಪ್ ಪ್ಯಾಕ್ ಧಾರಾಳ. ಅದನ್ನು ಡಿಕ್ಕಿಯಲ್ಲಿ ಇಡಬೇಡಿ, ಡಿಕ್ಕಿಯೇ ತೆರೆಯದಿದ್ದರೆ? ಕೆಂಪು ಕ್ಲಿಪ್ ಜಂಪ್ ಟರ್ಮಿನಲ್‌ಗೆ, ಕಪ್ಪು ಬಾಡಿಯ ಬೋಲ್ಟಿಗೆ. ಹಾಕುವ ಮುಂಚೆ ಎರಡು ಸಲ ನೋಡಿ. ಪ್ಲಸ್-ಮೈನಸ್ ಅದಲುಬದಲಾದರೆ ಮುಖ್ಯ ಫ್ಯೂಸ್ ಹಾರುತ್ತದೆ, ಗ್ರಹಚಾರ ಕೆಟ್ಟರೆ ಕನ್ವರ್ಟರ್, ಇನ್ವರ್ಟರ್ ಕೂಡ ಸುಡುತ್ತದೆ. ಆ ಖರ್ಚಿನ ಮುಂದೆ ಬ್ಯಾಟರಿಯ ಬೆಲೆ ಏನೂ ಅಲ್ಲ. ರೆಡಿ ದೀಪ ಬಂದ ಮೇಲೆ ಕಪ್ಪು, ಆಮೇಲೆ ಕೆಂಪು ತೆಗೆದು, ಒಂದು ಗಂಟೆ ಓಡಿಸಿ. ಹೈಬ್ರಿಡ್‌ನಿಂದ ಇನ್ನೊಬ್ಬರ ಮಾಮೂಲಿ ಕಾರಿಗೆ ಜಂಪ್ ಕೊಡಲು ಮಾತ್ರ ಹೋಗಬೇಡಿ. ಅವರ ಸೆಲ್ಫ್ ಎಳೆಯುವ ಕರೆಂಟಿಗೆ ನಿಮ್ಮ ಚಿಕ್ಕ ಬ್ಯಾಟರಿ, ಕನ್ವರ್ಟರ್ ಮಾಡಿಸಿದ್ದಲ್ಲ, ಹಲವು ಕೈಪಿಡಿಗಳು ಇದನ್ನು ಬೇಡವೆಂದೇ ಹೇಳುತ್ತವೆ.

ಒಂದಕ್ಕಿಂತ ಹೆಚ್ಚು ಸಲ ಪೂರ್ತಿ ಖಾಲಿಯಾದ ಬ್ಯಾಟರಿಯನ್ನು ನಂಬಿ ಊರಿಗೆ ಹೊರಡಬೇಡಿ, ಬದಲಿಸಿ. ಬದಲಿಸುವಾಗ ಅಳತೆ ಸರಿಹೋಯ್ತು ಅಂತ ಯಾವುದೋ ಒಂದನ್ನು ಕೂರಿಸುವುದಲ್ಲ. ಕಾರಿನೊಳಗೆ ಇರುವ ಬ್ಯಾಟರಿಯಿಂದ ಚಾರ್ಜ್ ಆಗುವಾಗ ಬರಬಹುದಾದ ಹೈಡ್ರೋಜನ್ ಅನಿಲವನ್ನು ಹೊರಗೆ ಒಯ್ಯಲು ಒಂದು ಸಣ್ಣ ರಬ್ಬರ್ ಕೊಳವೆ ಇರುತ್ತದೆ. ಹೊಸ ಬ್ಯಾಟರಿಗೆ ಆ ಕೊಳವೆ ಸೇರಿಸುವ ತೂತು ಇರಬೇಕು, ಹಾಕಿದವರು ಕೊಳವೆಯನ್ನು ಮರಳಿ ಸಿಕ್ಕಿಸಿದ್ದಾರಾ ಅಂತ ಡಿಕ್ಕಿಯ ಮ್ಯಾಟ್ ಎತ್ತಿ ನೀವೇ ನೋಡಿಕೊಂಡು ಬನ್ನಿ.